ಸಣ್ಣ ಜನಾಂಗಗಳ ಜನಪದದಿಂದ ಪ್ರೇರಣೆ ತಗೊಂಡು ಪಿಟೀಲಿಗೆ ಸ್ವಂತದ್ದು ಬರೆಯೋದು, ಟ್ಯೂನ್ ಎತ್ಕೊಳ್ಳದೆ ಹೇಗೆ?

ನಾಲ್ಕುತಂತಿ

ಎಲ್ರಿಗೂ ನಮಸ್ಕಾರ, ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ ಪ್ಲೀಸ್. ಒಂಟಿ ಪಿಟೀಲಿಗೆ, ಅಂದ್ರೆ ಪಿಯಾನೋ ಇಲ್ಲ ಮೃದಂಗ ಇಲ್ಲ ಬರೀ ಒಂದೇ ವಾದ್ಯ, ಅದಕ್ಕೆ ಚಿಕ್ಕ ಚಿಕ್ಕ ರಚನೆಗಳ ಒಂದು ಸೆಟ್ ಬರೀಬೇಕು ಅಂತ ಬಹಳ ಆಸೆ ಇದೆ. ಇತ್ತೀಚೆಗೆ ನಾನು ಕೇಳ್ತಾ ಇರೋದೆಲ್ಲ ದೊಡ್ಡ ದೇಶಗಳ ಒಳಗೆ ಸಣ್ಣ ಸಂಖ್ಯೆಲಿ ಉಳ್ಕೊಂಡಿರೋ ಜನರ ಸಂಗೀತ. ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾ ಈ ನಾಲ್ಕರ ಉತ್ತರದ ಭಾಗದಲ್ಲಿ ಹರಡಿರೋ ಸಾಮಿ ಜನರ ಯೋಯ್ಕ್ ಅನ್ನೋ ಹಾಡಿಕೆ, ರಷ್ಯಾದ ತುವಾ ಪ್ರಾಂತ್ಯದವರ ಗಂಟಲ ಹಾಡು, ಜಪಾನಿನ ಐನು ಜನರ ತೊಂಕೊರಿ ಅನ್ನೋ ತಂತಿ ವಾದ್ಯ. ಒಂದಕ್ಕೊಂದು ಸಂಬಂಧ ಇಲ್ಲ ಗೊತ್ತು, ಆದ್ರೆ ಮೂರೂ ನನ್ನ ತಲೆಲಿ ಕೂತ್ಬಿಟ್ಟಿದೆ, ಬಿಡ್ತಾ ಇಲ್ಲ.

ತೊಂದರೆ ಏನಂದ್ರೆ, ಬರೆಯೋಕೆ ಕೂತ ತಕ್ಷಣ ಅಲ್ಲಿದ್ದ ಜೀವ ಹೋಗಿ ಬರೀ ಐದು ಸ್ವರ ಉಳ್ಕೊಳ್ಳುತ್ತೆ. ಯೋಯ್ಕ್ ಕೇಳಿ ಬರೆದ್ರೂ ನಮ್ಮ ಮೋಹನ ರಾಗದ ಹಾಗೆ ಆಗುತ್ತೆ, ತುವಾದ್ದು ಕೇಳಿ ಬರೆದ್ರೂ ಮೋಹನದ ಹಾಗೆ ಆಗುತ್ತೆ. ಟ್ಯೂನನ್ನೇ ಎತ್ಕೊಂಡು ಸುತ್ತ ಅಲಂಕಾರ ಮಾಡಿದ್ರೆ ಅದು ನನ್ನ ರಚನೆ ಅಲ್ಲ, ಟ್ಯೂನ್ ಬಿಟ್ರೆ ಅವರ ಸಂಗೀತಕ್ಕೂ ಇದಕ್ಕೂ ಸಂಬಂಧ ಏನು ಅಂತ ನಾನೇ ಹೇಳಕ್ಕಾಗಲ್ಲ. ಇನ್ನೊಂದು, ಇವರೆಲ್ಲ ತಮ್ಮ ಭಾಷೆ ಹಾಡು ಉಳಿಸ್ಕೊಳ್ಳೋಕೆ ತಲೆಮಾರುಗಟ್ಲೆ ಕಷ್ಟ ಪಟ್ಟಿರೋ ಜನ, ಹೊರಗಿನವರು ಬಂದು "ಪ್ರೇರಣೆ" ಅಂತ ಒಂದು ಪದ ಹಾಕಿ ತಗೊಂಡು ಹೋಗೋದು ಸರೀನಾ ಅನ್ನೋದು ಬಹಳ ಕಾಡ್ತಾ ಇದೆ. ಯಾರನ್ನ ಕೇಳ್ಬೇಕು, ಏನು ಅಂತ ಬರ್ಕೋಬೇಕು? ಈ ದಾರಿಲಿ ಸ್ವಲ್ಪ ದೂರ ಹೋಗಿರೋರು ಹೇಳಿ.

ಮೇಣದಸಿಲಿಂಡರ್

ಒಳ್ಳೆ ಪ್ರಶ್ನೆ. ಇದೇ ಪ್ರಶ್ನೆಗೆ ಹಂಗೇರಿಯ ರಚನಕಾರ ಬಾರ್ಟೋಕ್ 1931ರಲ್ಲಿ ಒಂದು ಲೇಖನದಲ್ಲಿ ಬಹಳ ಸ್ಪಷ್ಟವಾಗಿ ಉತ್ತರ ಬರೆದಿದಾರೆ, ನನಗೆ ಇವತ್ತಿಗೂ ಅದಕ್ಕಿಂತ ಒಳ್ಳೆ ವಿಂಗಡಣೆ ಸಿಕ್ಕಿಲ್ಲ. ಮೂರು ದಾರಿ ಅಂತಾರೆ. ಒಂದು, ಹಳ್ಳಿ ಟ್ಯೂನನ್ನ ಇದ್ದ ಹಾಗೇ ಇಟ್ಟು ಅದಕ್ಕೆ ಜೊತೆ ಸಂಗೀತ ಬರೆಯೋದು. ಎರಡು, ಆ ಥರದ್ದೇ ಟ್ಯೂನನ್ನ ತಾನೇ ಹುಟ್ಟಿಸೋದು. ಮೂರನೇದು, ಟ್ಯೂನೂ ಇಲ್ಲ, ಟ್ಯೂನಿನ ಅನುಕರಣೆಯೂ ಇಲ್ಲ, ಆದ್ರೂ ಇಡೀ ಸಂಗೀತದಲ್ಲಿ ಆ ಗಾಳಿ ಇರೋದು, ಅಂದ್ರೆ ರಚನಕಾರನಿಗೆ ಅದು ಮಾತೃಭಾಷೆ ಥರ ಒಳಗಿಳಿದಿರೋದು. ನೀವು ಒಂದನೇದು ಮತ್ತೆ ಎರಡನೇದರ ಮಧ್ಯೆ ಸಿಕ್ಕಾಕೊಂಡಿದೀರಿ ಅಷ್ಟೇ, ಮೂರನೇ ಬಾಗಿಲು ಇದೆ.

ಆದ್ರೆ ಅವರು ಆ ಮೂರನೇ ಬಾಗಿಲಿಗೆ ಹೋಗಿದ್ದು ಕೂತಲ್ಲಿ ಕೂತು ಅಲ್ಲ. 1906ರಿಂದ ಎಡಿಸನ್ ಫೋನೋಗ್ರಾಫ್ ಹೊತ್ಕೊಂಡು ಹಳ್ಳಿ ಹಳ್ಳಿ ತಿರುಗಿ ಮೇಣದ ಸಿಲಿಂಡರ್ ಮೇಲೆ ರೆಕಾರ್ಡ್ ಮಾಡಿದ್ರು, ಹಂಗೇರಿಯನ್ನರದ್ದು ಮಾತ್ರ ಅಲ್ಲ, ಆಗ ಹಂಗೇರಿ ರಾಜ್ಯದ ಒಳಗೆ ಅಲ್ಪಸಂಖ್ಯಾತರಾಗಿದ್ದ ಸ್ಲೋವಾಕ್ ಮತ್ತು ರೊಮೇನಿಯನ್ ರೈತರದ್ದೂ, ಆಮೇಲೆ 1913ರಲ್ಲಿ ಅಲ್ಜೀರಿಯಾದ ಬಿಸ್ಕ್ರಾ ಕಡೆ, 1936ರಲ್ಲಿ ಟರ್ಕಿ. ರೆಕಾರ್ಡ್ ಮಾಡಿದ್ದನ್ನ ಕೂತು ಬರ್ಕೊಂಡ್ರು, ಬರ್ಕೊಂಡಿದ್ದನ್ನ ಮತ್ತೆ ಕೇಳಿ ತಿದ್ದಿದ್ರು, ಒಂದೇ ಪದ್ಯವನ್ನ ಹಾಡುಗಾರ್ತಿ ಎರಡನೇ ಸಲ ಹಾಡಿದಾಗ ಏನು ಬದಲಾಯ್ತು ಅನ್ನೋದನ್ನೂ ಬರ್ಕೊಂಡ್ರು. ಈ ಕೊನೇ ಕೆಲಸ ಇದೆಯಲ್ಲ, ಅದನ್ನ ನೀವು ಮಾಡಿದೀರಾ? ಯಾಕಂದ್ರೆ ಒಂದು ಟ್ಯೂನನ್ನ ಸ್ವರ ಅಂತ ಬರೆದಾಗ ನಿಮಗೆ ಸಿಗೋದು ಎಲ್ಲಾ ಸಲವೂ ಒಂದೇ ಥರ ಇರೋ ಭಾಗ, ಜೀವ ಇರೋದು ಪ್ರತಿ ಸಲ ಬದಲಾಗೋ ಭಾಗದಲ್ಲಿ. ಉಸಿರು ಎಲ್ಲಿ ತಗೊಂಡ್ರು, ಯಾವ ಸ್ವರವನ್ನ ಕೆಳಗಿನಿಂದ ಹತ್ತಿ ಹಿಡಿದ್ರು, ಎಲ್ಲಿ ಧ್ವನಿ ಒರಟಾಯ್ತು, ಎಲ್ಲಿ ಲಯ ಮುಂದಕ್ಕೆ ಓಡಿತು. ಇದನ್ನ ಬರ್ಕೊಂಡ್ರೆ ಮೋಹನ ಅನ್ನೋ ಹೆಸರು ತಾನಾಗೇ ಬಿದ್ದೋಗುತ್ತೆ.

ಪಿಟೀಲಿಗೇ ಉದಾಹರಣೆ ಬೇಕು ಅಂದ್ರೆ ರೊಮೇನಿಯಾದ ರಚನಕಾರ ಜಾರ್ಜ್ ಎನೆಸ್ಕು ಅವರ ಮೂರನೇ ವಯಲಿನ್ ಸೊನಾಟಾ, 1926ರದ್ದು, ಸ್ಕೋರ್ (ಸ್ವರಲಿಪಿ) ಇಟ್ಕೊಂಡು ಕೇಳಿ. ಕೇಳಿದವರು ಇದು ರೊಮೇನಿಯಾದ ಹಳ್ಳಿ ಪಿಟೀಲುಗಾರರದ್ದೇ ಅಂತಾರೆ, ಆದ್ರೆ ಅದರಲ್ಲಿ ಒಂದು ಜನಪದ ಟ್ಯೂನೂ ಎತ್ತಿ ಹಾಕಿದ್ದಲ್ಲ, ಎಲ್ಲಾ ಅವರದ್ದೇ. ಚಿಕ್ಕ ಹುಡುಗ ಆಗಿದ್ದಾಗ ರೋಮಾ (ಹೊರಗಿನವರು ಜಿಪ್ಸಿ ಅಂತ ಕರೆಯೋ ಜನ) ಪಿಟೀಲುಗಾರರೊಬ್ಬರ ಹತ್ರ ಕಲಿತವರು ಅವರು. ಸ್ಕೋರ್ ನೋಡಿದ್ರೆ ಗೊತ್ತಾಗುತ್ತೆ ಗುಟ್ಟು ಎಲ್ಲಿದೆ ಅಂತ: ಯಾವ ಸ್ವರಕ್ಕೆ ವೈಬ್ರಾಟೊ (ಬೆರಳು ಅಲುಗಿಸಿ ತರೋ ನಡುಕ) ಬೇಡ, ಎಲ್ಲಿ ಕಾಲು ಸ್ವರದಷ್ಟು ಸರಿಸಬೇಕು, ಎಲ್ಲಿ ಕಮಾನು ತೇಲಬೇಕು, ಒಂದೊಂದು ಸ್ವರದ ಮೇಲೂ ಸೂಚನೆ. ಹಳ್ಳಿಯವರು ಯೋಚನೆ ಮಾಡದೆ ಮಾಡೋದನ್ನ ಅವರು ಅಕ್ಷರ ಅಕ್ಷರ ಬರೆದು ಇಟ್ಟಿದಾರೆ. ಟ್ಯೂನ್ ಸ್ವಂತ, ನಡೆ ಅಲ್ಲಿಂದ ಕಲಿತದ್ದು. ನಿಮ್ಮ ಮೊದಲನೇ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಕಮಾನುಕೈ

ಮೇಲಿನವರು ಹೇಳಿದ್ದು ಪೂರ್ತಿ ಒಪ್ತೀನಿ, ನಾನು ಬರೀ ಕೈ ಕೆಲಸದ ವಿಷಯ ಹೇಳ್ತೀನಿ ಯಾಕಂದ್ರೆ ಪಿಟೀಲಿನಲ್ಲಿ ಯೋಚನೆ ಎಲ್ಲಾ ಕೊನೆಗೆ ಕಮಾನಿಗೇ ಬಂದು ನಿಲ್ಲೋದು.

ಮೊದಲು ನಮ್ಮ ಕೈ. ಕರ್ನಾಟಕ ಸಂಗೀತ ಕಲಿತ ಕೈಗೆ ಉದ್ದ ಸ್ವರ ಸಿಕ್ರೆ ಸುಮ್ನಿರೋಕಾಗಲ್ಲ, ಕಂಪಿತ, ಅಂದ್ರೆ ಸ್ವರವನ್ನ ತೂಗಾಡಿಸೋದು, ಬಂದೇ ಬರುತ್ತೆ, ಹೊಸ ಭಾಷೆ ಕಲಿತವರು ಅದನ್ನೂ ತಮ್ಮೂರ ಏರಿಳಿತದಲ್ಲೇ ಮಾತಾಡ್ತಾರಲ್ಲ ಹಾಗೆ. ಪಾಶ್ಚಾತ್ಯ ಕ್ರಮದಲ್ಲಿ ಕಲಿತ ಕೈ ಆದ್ರೆ ಎಲ್ಲದಕ್ಕೂ ವೈಬ್ರಾಟೊ. ಎರಡನ್ನೂ ಪೂರ್ತಿ ತೆಗೆದು, ಬೆರಳು ಕಲ್ಲಿನ ಹಾಗೆ ಇಟ್ಟು, ಇಡೀ ತುಣುಕನ್ನ ಕಮಾನಿನಿಂದ ಮಾತ್ರ ಮಾತಾಡಿಸಿ ನೋಡಿ. ಆಮೇಲೆ ಎಲ್ಲಿ ಬೇಕೋ ಅಲ್ಲಿ ಮಾತ್ರ ಆ ಪರಂಪರೆಯ ಅಲಂಕಾರ ಹಾಕಿ. ಪೂರ್ವ ಯುರೋಪಿನ ಯಹೂದಿಗಳ ಸಂಗೀತವಾದ ಕ್ಲೆಜ್ಮರ್‌ನಲ್ಲಿ ಕ್ರೆಖ್ಟ್ಸ್ ಅಂತ ಇದೆ, ಬಿಕ್ಕಿದ ಹಾಗೆ, ಸ್ವರದ ಕೊನೇಲಿ ಎಡಗೈ ಬೆರಳು ಮೇಲೆ ಸರ್ರನೆ ತಾಕುತ್ತೆ ಕಮಾನು ಅದೇ ಹೊತ್ತಿಗೆ ಉಸಿರು ಕಟ್ಟುತ್ತೆ. ಅದರ ಒಂದು ಮುಖ್ಯ ಸ್ವರಶ್ರೇಣಿನ ನಮ್ಮವರು ಕೇಳಿದ ಕೂಡ್ಲೆ ವಕುಳಾಭರಣ ಅಂತಾರೆ, ಇನ್ನೊಂದನ್ನ ಹೇಮವತಿ ಅಂತಾರೆ, ಸ್ವರದ ಲೆಕ್ಕದಲ್ಲಿ ಸರೀನೆ, ಆದ್ರೆ ವಕುಳಾಭರಣ ಅಂದ್ಕೊಂಡು ನುಡಿಸಿದ್ರೆ ಆ ಬಿಕ್ಕು ಯಾವತ್ತೂ ಬರಲ್ಲ. ರಾಗದ ಹೆಸರು ಇಡೋದನ್ನ ಬರೆಯೋ ಕಾಲದಲ್ಲಿ ನಿಲ್ಲಿಸ್ಬಿಡಿ. ಇದು ನನ್ನ ಕಟ್ಟುನಿಟ್ಟಿನ ಅಭಿಪ್ರಾಯ.

ಈಗ ತುವಾ. ಖೂಮೆಯ್, ಅಂದ್ರೆ ಅವರ ಗಂಟಲ ಹಾಡು, ಹಾಡೋರು ಒಂದು ಕೆಳಗಿನ ಸ್ವರ ಹಿಡಿದು ಅದರ ಒಳಗೇ ಸಣ್ಣದಾಗಿ ಅಡಗಿರೋ ಮೇಲಿನ ಸ್ವರಗಳನ್ನ, ಅಂದ್ರೆ ಓವರ್‌ಟೋನ್‌ಗಳನ್ನ ಬಾಯಿ ನಾಲಿಗೆ ಆಕಾರ ಬದಲಿಸಿ ಒಂದೊಂದಾಗಿ ಹೊರಗೆ ತರ್ತಾರೆ. ಮುಖ್ಯವಾಗಿ ಬಳಸೋದು ಕೆಳಗಿನ ಸ್ವರವನ್ನೇ 1 ಅಂತ ಎಣಿಸಿದ್ರೆ 6, 8, 9, 10, 12ನೇ ಓವರ್‌ಟೋನ್, 7 ಮತ್ತು 11 ಬಿಟ್ಟು ಹೋಗ್ತಾರೆ. ಆ ಐದು ಸೇರಿದ್ರೆ ಪ ಸ ರಿ ಗ ಪ ಆಗುತ್ತೆ. ನಿಮಗೆ ಮೋಹನ ಕೇಳಿಸಿದ್ದು ಇದಕ್ಕೇ! ಆದ್ರೆ ಅಲ್ಲಿ ಅದು ಆರೋಹಣ ಅವರೋಹಣ ಅಲ್ಲ, ಒಂದೇ ಸ್ವರದ ಹೊಟ್ಟೆಯಿಂದ ಹುಟ್ಟಿದ ಸ್ವರಗಳು, ತಂಬೂರದಲ್ಲಿ ಯಾರೂ ಮೀಟದೇ ತಾನಾಗೇ ಹುಟ್ಟೋ ಸ್ವಯಂಭೂ ಗಾಂಧಾರ ಕೇಳುತ್ತಲ್ಲ ಅದೇ ಜಾತಿ.

ಇದು ಪಿಟೀಲಿನಲ್ಲಿ ಸಲೀಸಾಗಿ ಸಿಗುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಕೆಳಗಿನ ಎರಡು ತಂತಿ ತಗೊಳ್ಳಿ, ದಪ್ಪದ್ದು ಸ, ಪಕ್ಕದ್ದು ಪ. ಸ ತಂತಿನ ಒತ್ತಬೇಡಿ, ಬರೀ ಮುಟ್ಟಿ. ಪಂಚಮದ ಜಾಗ ಮುಟ್ಟಿದ್ರೆ ಪ ಬರುತ್ತೆ, ಶುದ್ಧ ಮಧ್ಯಮದ ಜಾಗ ಮುಟ್ಟಿದ್ರೆ ಎರಡು ಸ್ಥಾಯಿ ಮೇಲಿನ ಸ, ಅಂತರ ಗಾಂಧಾರದ ಜಾಗ ಮುಟ್ಟಿದ್ರೆ ಅದರ ಮೇಲಿನ ಗ, ಸಾಧಾರಣ ಗಾಂಧಾರದ ಜಾಗದಲ್ಲಿ ಇನ್ನೂ ಮೇಲಿನ ಪ. ಉಳಿದಿದ್ದು ರಿ, ಅದನ್ನ ಪ ತಂತಿಲಿ ಪಂಚಮ ದೂರದಲ್ಲಿ ಮುಟ್ಟಿ ತಗೊಳ್ಳಿ. ಆಯ್ತು, ಐದೂ ಸಹಜ ಹಾರ್ಮೋನಿಕ್ (ತಂತಿ ಒತ್ತದೆ ಬರೀ ಮುಟ್ಟಿ ತೆಗೆಯೋ ಸ್ವರ), ಐದೂ ತುವಾದವರು ಬಳಸೋ ಅದೇ ಅನುಪಾತದಲ್ಲಿ, ನಿಮ್ಮ ಸ ಒಂದು ಸ್ಥಾಯಿ ಕೆಳಗಿದೆ ಅಂತ ಇಟ್ಕೊಂಡ್ರೆ ಲೆಕ್ಕ ಕರಾರುವಾಕ್ಕಾಗಿ ಕೂತ್ಕೊಳ್ಳುತ್ತೆ. ಸ ತಂತಿಲಿ ಹಾರ್ಮೋನಿಕ್ ಇದ್ದಾಗ ಪ ತಂತಿ ತೆರೆದಿಟ್ಟು ಜೊತೆಗೆ ಉಜ್ಜಿ, ಪ ತಂತಿಲಿ ಇದ್ದಾಗ ಸ ತಂತಿ ಉಜ್ಜಿ, ಕೆಳಗಿನ ಶ್ರುತಿ ಯಾವತ್ತೂ ನಿಲ್ಲಲ್ಲ. ಗ ಪಿಯಾನೋ ಗಾಂಧಾರಕ್ಕಿಂತ ಒಂಚೂರು ಇಳಿದಿರುತ್ತೆ, ಅದನ್ನ ಸರಿ ಮಾಡೋಕೆ ಹೋಗ್ಬೇಡಿ, ಅದೇ ಸರಿ. ಇನ್ನೊಂದು ಉಪಾಯ, ತೆರೆದ ದಪ್ಪ ತಂತಿನ ನಿಧಾನಕ್ಕೆ ಉಜ್ತಾ ಕಮಾನನ್ನ ಬೆರಳು ಹಲಗೆ ಕಡೆಯಿಂದ ಕುದುರೆ (ತಂತಿಗಳನ್ನ ಎತ್ತಿ ಹಿಡಿಯೋ ಮರದ ತುಂಡು) ಕಡೆಗೆ ಸರಿಸ್ತಾ ಹೋಗಿ, ಮೇಲಿನ ಓವರ್‌ಟೋನ್‌ಗಳು ಒಂದೊಂದಾಗಿ ಎದ್ದು ಬರುತ್ವೆ. ಇಷ್ಟರಲ್ಲೇ ಒಂದು ಪೂರ್ತಿ ರಚನೆ ಇದೆ ಅಂತ ನನ್ನ ನಂಬಿಕೆ, ಒಂದು ಟ್ಯೂನೂ ಎತ್ತಬೇಕಾಗಿಲ್ಲ.

ತೊಂಕೊರಿ ಬಗ್ಗೆ: ಸಾಮಾನ್ಯವಾಗಿ ಐದು ತಂತಿ, ಬೆರಳಲ್ಲಿ ಒತ್ತೋ ಪದ್ಧತಿ ಇಲ್ಲ, ತೆರೆದ ತಂತಿಗಳನ್ನ ಮೀಟೋದು ಮಾತ್ರ, ತಂತಿಗಳೂ ಎತ್ತರದ ಕ್ರಮದಲ್ಲಿ ಸಾಲಾಗಿ ಇರಲ್ಲ. ಅಂದ್ರೆ ಆ ಸಂಗೀತದ ಆಕಾರ ಹುಟ್ಟೋದೇ ಮಿತಿಯಿಂದ, ಐದು ಸ್ವರ, ಎರಡು ಕೈ, ಒಂದೇ ನಮೂನೆ ತಿರುಗಿ ತಿರುಗಿ ಬರ್ತಾ ಸಣ್ಣದಾಗಿ ಬದಲಾಗೋದು. ನೀವು ಪಿಟೀಲಿನ ನಾಲ್ಕು ತೆರೆದ ತಂತಿಗಳ ಶ್ರುತಿ ಬದಲಿಸಿ, ಜೊತೆಗೆ ಒಂದೇ ಒಂದು ಬೆರಳ ಸ್ವರ ಇಟ್ಕೊಂಡು, ಬರೀ ಪಿಜ್ಜಿಕಾಟೊದಲ್ಲಿ (ಕಮಾನು ಬಿಟ್ಟು ಬೆರಳಲ್ಲಿ ಮೀಟೋದು) ಬರೀರಿ. ಅದಕ್ಕಿಂತ ಹೆಚ್ಚು ಸ್ವರ ಬೇಕು ಅನ್ಸಿದಾಗೆಲ್ಲ ಬೇಡ ಅಂತ ಹೇಳ್ಕೊಳ್ಳಿ. ಮಂಗೋಲಿಯನ್ನರ ಮೊರಿನ್ ಖುರ್ ಅನ್ನೋ ಕಮಾನು ವಾದ್ಯ ಕೂಡ ಕೇಳಿ ಬಿಡುವಿದ್ದಾಗ, ಚೀನಾದ ಒಳ ಮಂಗೋಲಿಯಾದಲ್ಲೂ ಇದೆ, ಎರಡೇ ತಂತಿ, ಕುದುರೆ ಕೂದಲಿಂದು, ಉಗುರಿನ ಬುಡದಿಂದ ಪಕ್ಕದಲ್ಲಿ ತಂತಿ ತಡೀತಾರೆ ಹಲಗೆಗೆ ಒತ್ತಲ್ಲ, ಅದಕ್ಕೇ ಆ ಮಸುಕು ಗಾಳಿ ಸೇರಿದ ದನಿ. ಪಿಟೀಲಿನಲ್ಲಿ ಅರ್ಧ ಒತ್ತಿ ನುಡಿಸಿದ್ರೆ ಅದರ ಹತ್ರ ಹೋಗಬಹುದು.

ಹಳೇರೆಕಾರ್ಡು

ತಂತ್ರದ ಬಗ್ಗೆ ಮೇಲೆ ಚೆನ್ನಾಗಿ ಬಂದಿದೆ, ನಾನು ಎರಡನೇ ಪ್ರಶ್ನೆಗೆ ಬರ್ತೀನಿ, ಇದನ್ನ ಸಣ್ಣ ವಿಷಯ ಅಂತ ದಯವಿಟ್ಟು ಪಕ್ಕಕ್ಕೆ ಇಡಬೇಡಿ.

1970ರ ಸುಮಾರಿಗೆ ಸಾಲೊಮನ್ ದ್ವೀಪಗಳಲ್ಲಿ ಅಫುನಕ್ವಾ ಅನ್ನೋ ಹೆಂಗಸು ಹಾಡಿದ ಒಂದು ಜೋಗುಳನ ಹ್ಯೂಗೊ ಜೆಂಪ್ ಅನ್ನೋ ಸಂಶೋಧಕರು ರೆಕಾರ್ಡ್ ಮಾಡಿದ್ರು. ತಂದೆ ತಾಯಿ ಇಲ್ಲದ ತಮ್ಮನಿಗೆ ಅಕ್ಕ ಹಾಡೋ ಜೋಗುಳ ಅದು. 1992ರಲ್ಲಿ ಯುರೋಪಿನ ಒಂದು ಜನಪ್ರಿಯ ಆಲ್ಬಮ್‌ನಲ್ಲಿ ಆ ಧ್ವನಿ ಡ್ರಮ್ ಬೀಟ್ ಜೊತೆ ಬಂತು, ಲಕ್ಷಗಟ್ಲೆ ಮಾರಾಟ ಆಯ್ತು. ಅದಾಗಿ ಕೆಲವೇ ವರ್ಷಕ್ಕೆ ಇನ್ನೊಬ್ಬ ಹೆಸರಾಂತ ಕಲಾವಿದರ ರೆಕಾರ್ಡ್‌ನಲ್ಲಿ ಅದೇ ರಾಗ ಮಧ್ಯ ಆಫ್ರಿಕಾದ ಪಿಗ್ಮಿ ಜನರ ಜೋಗುಳ ಅನ್ನೋ ಹೆಸರಲ್ಲಿ ಬಂತು! ಪೆಸಿಫಿಕ್ ಸಾಗರದ ದ್ವೀಪದ ಹಾಡು ಆಫ್ರಿಕಾಕ್ಕೆ ಹೋಗ್ಬಿಡ್ತು. ಹೆಸರು ಬರೆಯದೇ ಇದ್ರೆ ಆಗೋದು ಇದು, ದುಡ್ಡಿನ ಅನ್ಯಾಯ ಒಂದು ಕಡೆ, ಆ ಜನ ಯಾರು ಅನ್ನೋದೇ ಅಳಿಸಿ ಹೋಗೋದು ಇನ್ನೊಂದು ಕಡೆ, ನನಗೆ ಎರಡನೇದೇ ಹೆಚ್ಚು ನೋವು ಕೊಡೋದು.

ತೈವಾನಿನ ಆಮಿಸ್ ಬುಡಕಟ್ಟಿನ ದಿಫಾಂಗ್ ಮತ್ತು ಇಗಾಯ್ ದಂಪತಿದು ಹೀಗೇ. ಅವರು ಹಾಡಿದ್ದನ್ನ 1988ರಲ್ಲಿ ಫ್ರಾನ್ಸ್‌ನಲ್ಲಿ ರೆಕಾರ್ಡ್ ಮಾಡಿದ್ರು, ಆ ಧ್ವನಿ ಒಂದು ಪ್ರಸಿದ್ಧ ಪಾಪ್ ಹಾಡಿನಲ್ಲಿ ಬಂತು, 1996ರ ಅಟ್ಲಾಂಟಾ ಒಲಿಂಪಿಕ್ಸ್ ಪ್ರಚಾರದಲ್ಲೂ ಬಂತು, ಅವರಿಗೆ ಗೊತ್ತೇ ಇಲ್ಲ. ಕೋರ್ಟಿಗೆ ಹೋಗಿ 1999ರಲ್ಲಿ ರಾಜಿ ಆಯ್ತು. 2007ರಲ್ಲಿ ತೈವಾನ್ ಮೂಲನಿವಾಸಿಗಳ ಸಾಂಪ್ರದಾಯಿಕ ಕಲಾ ಸೃಷ್ಟಿಗೆ ಪ್ರತ್ಯೇಕ ಕಾನೂನು ತಂದಿದೆ, ಅಲ್ಲಿ ಹಕ್ಕು ಒಬ್ಬ ವ್ಯಕ್ತಿಗೆ ಅಂತಲ್ಲದೆ ಸಮುದಾಯಕ್ಕೇ ಕೊಡಬಹುದು. ಬಹಳ ಕಡೆ ಇಂಥ ಕಾನೂನು ಇಲ್ಲ, ಹಳೇ ಟ್ಯೂನ್ ಯಾರದ್ದೂ ಅಲ್ಲ ಅಂತ ಕಾಪಿರೈಟ್ ಲೆಕ್ಕ ಹೇಳುತ್ತೆ. ಆದ್ರೆ ಗಮನಿಸಿ, ಟ್ಯೂನಿಗೆ ಹಕ್ಕು ಇಲ್ದಿದ್ರೂ ರೆಕಾರ್ಡಿಂಗ್‌ಗೆ ಬೇರೆ ಹಕ್ಕು ಇರುತ್ತೆ, ಸಂಗ್ರಹಾಲಯದ ಷರತ್ತು ಬೇರೆ ಇರುತ್ತೆ. ಸ್ಯಾಂಪಲ್, ಅಂದ್ರೆ ರೆಕಾರ್ಡಿನ ತುಣುಕನ್ನೇ ಕತ್ತರಿಸಿ ಬಳಸೋ ಯೋಚನೆ ಇದ್ರೆ ಅನುಮತಿ ಇಲ್ದೆ ಮುಟ್ಟಲೇಬೇಡಿ.

ಇದಕ್ಕಿಂತ ಸೂಕ್ಷ್ಮವಾದ್ದು ಯೋಯ್ಕ್. ಸಾಮಿಗಳಲ್ಲಿ ಒಬ್ಬರ "ಬಗ್ಗೆ" ಯೋಯ್ಕ್ ಮಾಡಲ್ಲ, ಆ ಮನುಷ್ಯನನ್ನೇ ಯೋಯ್ಕ್ ಮಾಡೋದು, ಹಾಡೇ ಆ ಮನುಷ್ಯ. ವ್ಯಕ್ತಿಯ ಯೋಯ್ಕ್ ಸೇರೋದು ಅದನ್ನ ಕಟ್ಟಿದವರಿಗಲ್ಲ, ಯಾರನ್ನ ಯೋಯ್ಕ್ ಮಾಡಿದಾರೋ ಅವರಿಗೆ. ಅಂದ್ಮೇಲೆ ಹಳೇ ರೆಕಾರ್ಡಿಂಗ್ ಕೇಳಿ ಅದರ ಟ್ಯೂನ್ ತೆಗೆದು ಪಿಟೀಲಿಗೆ ಹಾಕಿದ್ರೆ ನೀವು ಒಬ್ಬ ಮನುಷ್ಯನನ್ನ ಹೇಳದೆ ಕೇಳದೆ ಕರ್ಕೊಂಡು ಬಂದ ಹಾಗಾಗುತ್ತೆ. ಇದೇ ಯೋಯ್ಕನ್ನ ಒಂದು ಕಾಲದಲ್ಲಿ ಮಿಷನರಿಗಳು ಪಾಪ ಅಂತ ತುಳಿದಿದ್ರು, ಅವರ ಡೋಲುಗಳನ್ನ ಕಿತ್ಕೊಂಡು ಸುಟ್ಟಿದ್ರು. ಅಷ್ಟು ಕಷ್ಟದಲ್ಲಿ ಉಳ್ಕೊಂಡಿರೋದು. ವ್ಯಕ್ತಿ ಯೋಯ್ಕ್‌ನ ಟ್ಯೂನ್ ಮುಟ್ಟಬೇಡಿ. ಅದರ ನಡೆಯಿಂದ ಕಲಿಯೋದಕ್ಕೆ ಬೇಕಾದಷ್ಟಿದೆ: ಅದಕ್ಕೆ ಸರಿಯಾದ ಆರಂಭ ಅಂತ ಇಲ್ಲ, ಕೊನೆ ಅಂತ ಇಲ್ಲ, ಒಂದು ಸಣ್ಣ ವೃತ್ತ ಸುತ್ತುತ್ತೆ, ಎಷ್ಟೋ ಸಲ ಹಾಡ್ತಾ ಹಾಡ್ತಾ ಶ್ರುತಿ ಗೊತ್ತಾಗದ ಹಾಗೆ ಮೇಲಕ್ಕೆ ಏರುತ್ತೆ, ಅರ್ಥದ ಮಾತು ಕಡಿಮೆ, ಅಕ್ಷರಗಳ ಉಲಿ ಹೆಚ್ಚು.

ಇನ್ನೊಂದು ಗೆರೆ ಪೂಜೆ ಹಾಡುಗಳದ್ದು. ತೈವಾನಿನದೇ ಬುನುನ್ ಜನ ನವಣೆ ಬೆಳೆ ಚೆನ್ನಾಗಿ ಬರಲಿ ಅಂತ ಗಂಡಸರು ವೃತ್ತ ಕಟ್ಟಿ ನಿಂತು ಹಾಡೋ ಪಾಸಿಬುತ್‌ಬುತ್ ಅಂತ ಇದೆ, ಹಲವು ದನಿ ಸೇರಿ ಸ್ವರಮೇಳವಾಗಿ ನಿಧಾನಕ್ಕೆ ಜಾರ್ತಾ ಏರುತ್ತೆ, ಪಿಟೀಲುಗಾರರಿಗೆ ಕೇಳಿದ ತಕ್ಷಣ ಕೈ ತುರಿಸುತ್ತೆ ಅಂಥದ್ದು. ಅದು ಪ್ರಾರ್ಥನೆ. ನಾನಾಗಿದ್ರೆ ಅದನ್ನ ಕೇಳಿ ಮಣಿದು ಹಾಗೇ ಬಿಡ್ತೀನಿ.

ಲಯದಹುಚ್ಚು

ಹಳೇರೆಕಾರ್ಡು ಅವರೇ, ನಿಮ್ಮ ಕಾಳಜಿ ದೊಡ್ಡದು, ಆದ್ರೆ ಒಂದು ಮಾತು ಒಪ್ಪಕ್ಕಾಗ್ತಿಲ್ಲ. ಕೇಳಿ ಬಿಟ್ಬಿಡಿ ಅಂತ ಎಲ್ಲದಕ್ಕೂ ಹೇಳ್ತಾ ಹೋದ್ರೆ ಆ ಸಂಗೀತ ಮ್ಯೂಸಿಯಂ ಗಾಜಿನ ಹಿಂದೆ ಉಳಿಯುತ್ತೆ. ಪಿಟೀಲೇ ಎಷ್ಟು ಜನರ ಕೈ ದಾಟಿ ಬಂದಿದೆ, ರೋಮಾ, ಯಹೂದಿ, ರೊಮೇನಿಯನ್, ಎಲ್ಲರೂ ಒಬ್ಬರಿಂದೊಬ್ಬರು ತಗೊಂಡೇ ಬೆಳೆದಿದ್ದು, ಮದುವೆ ಮನೆಲಿ ಯಾರು ದುಡ್ಡು ಕೊಟ್ರೋ ಅವರ ಹಾಡು ನುಡಿಸಿದ್ರು. ಹೊರಗಿನವರು ಪ್ರೀತಿಯಿಂದ ಬರೆದ್ರೆ ಕೇಳುಗರು ಮೂಲ ಹುಡ್ಕೊಂಡು ಹೋಗ್ತಾರೆ, ಅದು ಒಳ್ಳೇದೇ ಅಲ್ವಾ.

ಲಯದ ಬಗ್ಗೆ ಯಾರೂ ಮಾತಾಡಿಲ್ಲ ಅಂತ ಇದನ್ನೂ ಸೇರಿಸ್ತೀನಿ. ಚೆನ್ ಗಾಂಗ್ ಅನ್ನೋ ಚೀನೀ ರಚನಕಾರರು 1970ರ ದಶಕದಲ್ಲಿ ಶಿಂಜಿಯಾಂಗ್‌ನ ತಾಜಿಕ್ ಜನರ ಸಂಗೀತದ 7/8 ನಡೆ ಇಟ್ಟು ಬರೆದ ಪಿಟೀಲು ತುಣುಕು ಇವತ್ತಿಗೂ ಚೀನಾದ ವಯಲಿನ್ ವಿದ್ಯಾರ್ಥಿಗಳು ನುಡಿಸ್ತಾರೆ. 7 ಅಂದ ತಕ್ಷಣ ನಮಗೆ ಮಿಶ್ರಛಾಪು, ತಕಿಟ ತಕಧಿಮಿ. ಆದ್ರೆ ಟರ್ಕಿ, ಬಾಲ್ಕನ್, ಮಧ್ಯ ಏಷ್ಯಾದ ಕಡೆ 7ನ ಕಾಲಲ್ಲಿ ಕೇಳಬೇಕು, 2+2+3 ಅಥವಾ 3+2+2, ಕುಣಿಯೋರು ಉದ್ದದ ಹೆಜ್ಜೆ ಎಲ್ಲಿ ಇಡ್ತಾರೆ ಅನ್ನೋದೇ ಎಲ್ಲಾ. ಕೂತು ಲೆಕ್ಕ ಹಾಕೋ ಬದ್ಲು ಎದ್ದು ನಡೆದು ಕಲೀರಿ, ಆಮೇಲೆ ಕಮಾನು ತಾನಾಗೇ ಉದ್ದದ ಹೆಜ್ಜೆಗೆ ಭಾರ ಕೊಡುತ್ತೆ.

ಹಳೇರೆಕಾರ್ಡು

ಲಯದಹುಚ್ಚು ಅವರೇ, ಎಲ್ಲದಕ್ಕೂ ಬಿಡಿ ಅಂತ ನಾನು ಹೇಳಿಲ್ಲ, ಪ್ರಾರ್ಥನೆಗೆ ಮತ್ತೆ ಒಬ್ಬ ಮನುಷ್ಯನಿಗೆ ಸೇರಿದ ಹಾಡಿಗೆ ಮಾತ್ರ ಹೇಳಿದ್ದು. ಕುಣಿತದ ಹಾಡು, ಕೆಲಸದ ಹಾಡು, ಮದುವೆ ಹಾಡು ಅವರೇ ಎಲ್ಲರ ಮುಂದೆ ಹಾಡೋದು. ಚೀನಾದ ಗುಯಿಜೌ ಕಡೆ ದೋಂಗ್ ಜನರ ದೊಡ್ಡ ಹಾಡು ಅಂತ ಇದೆ, ಪಕ್ಕವಾದ್ಯ ಇಲ್ಲ, ನಡೆಸೋರು ಇಲ್ಲ, ಹಲವು ದನಿ, ಜೀರುಂಡೆ ಕೂಗೋದನ್ನೆಲ್ಲ ಗಂಟಲಲ್ಲೇ ತರ್ತಾರೆ, 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ, ಅತಿಥಿಗಳ ಮುಂದೆ ಹೆಮ್ಮೆಯಿಂದ ಹಾಡ್ತಾರೆ. ಅಂಥದ್ದರಿಂದ ಕಲಿಯೋಕೆ ಯಾರೂ ಬೇಡ ಅನ್ನಲ್ಲ.

ಕೇಳುಗರು ಮೂಲ ಹುಡ್ಕೊಂಡು ಹೋಗ್ತಾರೆ ಅಂದ್ರಲ್ಲ, ಹೋಗಬೇಕಾದ್ರೆ ಅಲ್ಲಿ ವಿಳಾಸ ಇರಬೇಕಲ್ಲ. ಜರ್ಮನ್ ರಚನಕಾರ ಬ್ರಾಮ್ಸ್ ಅವರ ಐದನೇ ಹಂಗೇರಿಯನ್ ಡ್ಯಾನ್ಸ್ ಎಲ್ರಿಗೂ ಗೊತ್ತು, ಅವರು ಜನಪದ ಅಂದ್ಕೊಂಡಿದ್ದ ಆ ಟ್ಯೂನ್ ಬೇಲಾ ಕೇಲರ್ ಅನ್ನೋ ರಚನಕಾರರು ಬರೆದಿದ್ದು. ಯುರೋಪಿನ ನಡುವೆ, ಅಚ್ಚಾದ ಟ್ಯೂನಿಗೇ ಹೀಗಾಗಿದೆ, ಅಚ್ಚೇ ಆಗದ ಹಾಡುಗಳ ಕಥೆ ಯೋಚಿಸಿ.

ನಾಲ್ಕುತಂತಿ

ನಿಮ್ಮೆಲ್ಲರ ಉತ್ತರ ಓದಿ ಮನಸ್ಸು ತುಂಬಿ ಬಂತು, ಇಷ್ಟು ಸಮಯ ಕೊಟ್ಟು ಬರೆದಿದೀರಿ. ಈಗ ಹೀಗೆ ಅಂದ್ಕೊಂಡಿದೀನಿ. ಮೊದಲನೇದು ಹಾರ್ಮೋನಿಕ್‌ಗಳ ತುಣುಕು, ಕಮಾನುಕೈ ಹೇಳಿದ ಹಾಗೆ ಕೆಳಗಿನ ಎರಡೇ ತಂತಿಲಿ. ಎರಡನೇದು ಪಿಜ್ಜಿಕಾಟೊ, ಐದೇ ಸ್ವರ. ಮೂರನೇದು ಯೋಯ್ಕ್‌ನ ವೃತ್ತದ ನಡೆಯಿಂದ, ಟ್ಯೂನ್ ಪೂರ್ತಿ ನನ್ನದೇ, ನನಗೆ ಹತ್ತಿರದ ಒಬ್ಬರನ್ನ ಮನಸ್ಸಿನಲ್ಲಿ ಇಟ್ಕೊಂಡು ಬರೀತೀನಿ, ಮಧ್ಯದಿಂದ ಶುರುವಾಗಿ ಮಧ್ಯದಲ್ಲೇ ನಿಲ್ಲೋ ಹಾಗೆ. ಆದ್ರೆ ಅದಕ್ಕೆ ಯೋಯ್ಕ್ ಅಂತ ಹೆಸರಿಡಬಹುದಾ? ಮತ್ತೆ ಕಾರ್ಯಕ್ರಮದ ಟಿಪ್ಪಣಿಲಿ ಏನು ಬರೀಲಿ? ಇನ್ನೊಂದು, ಆ ಮೇಲಿನ ಪ ಹಾರ್ಮೋನಿಕ್ ನನಗೆ ಬರ್ತಾನೇ ಇಲ್ಲ, ಬರೀ ಕೀರಲು.

ಹಳೇರೆಕಾರ್ಡು

ಯೋಯ್ಕ್ ಅಂತ ಹೆಸರು ಬೇಡ ಅಂತ ನನ್ನ ಅಭಿಪ್ರಾಯ. ಅದು ಅವರು ಮಾಡೋದಕ್ಕೆ ಅವರು ಇಟ್ಟ ಹೆಸರು, ನೀವು ಮಾಡಿರೋದು ಬೇರೆ. ನಿಮ್ಮದಕ್ಕೆ ನಿಮ್ಮ ಹೆಸರಿಡಿ. ಟಿಪ್ಪಣಿ ಉದ್ದ ಬೇಡ, ಆದ್ರೆ "ಜನಪದದಿಂದ ಪ್ರೇರಿತ" ಅನ್ನೋ ಒಂದೇ ಸಾಲು ಸಾಲದು. ಯಾವ ಜನ, ಯಾವ ಭಾಗದವರು, ಯಾರ ಹಾಡಿಕೆ ಅಥವಾ ವಾದನ ಕೇಳಿದಿರಿ ಅವರ ಹೆಸರು, ರೆಕಾರ್ಡ್ ಮಾಡಿದವರು ಯಾರು ಎಲ್ಲಿ ಸಿಗುತ್ತೆ, ಅದರಿಂದ ನೀವು ಏನು ಕಲಿತಿರಿ, ಏನು ನಿಮ್ಮದೇ. ಉದಾಹರಣೆಗೆ ಮೂರನೇದಕ್ಕೆ "ಈ ರಚನೆಯ ಟ್ಯೂನ್ ನನ್ನದು, ಆರಂಭ ಮತ್ತು ಕೊನೆ ಇಲ್ಲದ ಆಕಾರವನ್ನು ಉತ್ತರ ಸಾಮಿಗಳ ಯೋಯ್ಕ್ ಕೇಳಿ ಕಲಿತೆ, ಕೇಳಿದ್ದು ಇಂಥವರ ದನಿ" ಅಂತ ಬರೆದು ಹೆಸರು ಹಾಕಿ. ಇವತ್ತು ಸಾಮಿ, ತುವಾ, ಐನು ಮೂರೂ ಕಡೆ ವೇದಿಕೆ ಮೇಲೆ ಹಾಡೋ ನುಡಿಸೋ ಕಲಾವಿದರಿದಾರೆ, ಸಂಪರ್ಕಿಸೋಕೆ ಆಗುತ್ತೆ. ಕರಡು ಆದಾಗ ಅವರಲ್ಲಿ ಒಬ್ಬರಿಗಾದ್ರೂ ಕಳಿಸಿ, ಏನನ್ಸುತ್ತೆ ಕೇಳಿ, ಅವರ ಸಮಯಕ್ಕೆ ಸಂಭಾವನೆ ಕೊಡಿ. ಬೇಡ ಅಂದ್ರೆ ಆ ತುಣುಕು ಬಿಡೋಕೂ ತಯಾರಿರಿ. ಮುಗಿದ ಮೇಲೆ ಕೇಳೋದಕ್ಕಿಂತ ಕರಡಿನಲ್ಲೇ ಕೇಳೋದು ಒಳ್ಳೇದು, ಬದಲಿಸೋಕೆ ಮನಸ್ಸು ಬರುತ್ತೆ.

ಮೇಣದಸಿಲಿಂಡರ್

ಮೂರನೇದಕ್ಕೆ ಬಾರ್‌ಲೈನ್, ಅಂದ್ರೆ ತಾಳದ ಅಡ್ಡಗೆರೆ, ಹಾಕಬೇಡಿ. ವೃತ್ತ ಒಂದನ್ನ ಬರೆದು, ಪ್ರತಿ ಸುತ್ತಿಗೆ ಎಲ್ಲಿ ಬದಲಾಗಬಹುದು ಅಂತ ಗುರುತು ಮಾತ್ರ ಹಾಕಿ, ಉಳಿದಿದ್ದು ನುಡಿಸೋರಿಗೆ ಬಿಡಿ. ಶ್ರುತಿ ಏರೋದನ್ನ ಸ್ವರವಾಗಿ ಬರೀಬೇಡಿ, ಬಾಣದ ಗುರುತು ಸಾಕು, ಸ್ವರವಾಗಿ ಬರೆದ್ರೆ ಮೆಟ್ಟಿಲು ಕೇಳುತ್ತೆ. ಹಾಗೇ ಆ ತುಣುಕಿನಲ್ಲಿ ತೆರೆದ ತಂತಿ ಬಳಸಬೇಡಿ, ಅದು ಜಾಗ ಬಿಟ್ಟು ಕದಲಲ್ಲ, ಏರಿದ್ದೆಲ್ಲ ಅಪಶ್ರುತಿ ಥರ ಕೇಳುತ್ತೆ.

ಕಮಾನುಕೈ

ಮೇಲಿನ ಪ ಬರ್ತಿಲ್ಲ ಅಂದ್ರೆ ಮೊದಲು ತಂತಿ ನೋಡಿ, ಹಳೇದಾಗಿ ಸವೆದ ದಪ್ಪ ತಂತಿಲಿ ಆ ಹಾರ್ಮೋನಿಕ್ ನಿಲ್ಲಲ್ಲ, ಹೊಸದು ಹಾಕಿದ ಮೇಲೆ ಅರ್ಧ ತೊಂದರೆ ಹೋಗುತ್ತೆ. ಆಮೇಲೆ ಕಮಾನು ಕುದುರೆಗೆ ಇನ್ನೂ ಹತ್ರ ತನ್ನಿ, ಭಾರ ಕಡಿಮೆ ಮಾಡಿ ವೇಗ ಒಂದೇ ಸಮ ಇಡಿ. ಸಾಧಾರಣ ಗಾಂಧಾರದ ಜಾಗ ಅಂದ್ರೆ ನೀವು ಒತ್ತಿ ನುಡಿಸೋ ಜಾಗಕ್ಕಿಂತ ಕೂದಲೆಳೆಯಷ್ಟು ಮೇಲೆ ಕೆಳಗೆ ಇರಬಹುದು, ತಂತಿಯ ಆರನೇ ಒಂದು ಭಾಗ ಅದು, ಬೆರಳನ್ನ ನಿಧಾನ ಸರಿಸ್ತಾ ಹುಡುಕಿ, ಸಿಕ್ಕಿದ ಕಡೆ ಕಣ್ಣಲ್ಲಿ ಗುರುತು ಇಟ್ಕೊಳ್ಳಿ. ಪಕ್ಕದ ಪ ತಂತಿನ ಜೊತೆಗೆ ಉಜ್ಜೋದು ಆಮೇಲೆ, ಮೊದಲು ಒಂದೇ ತಂತಿಲಿ ಬರಲಿ. ಎರಡೂ ತಂತಿ ಶುದ್ಧ ಪಂಚಮದಲ್ಲಿ ಕೂತಿದೆಯಾ ಅಂತಾನೂ ನೋಡಿ, ಟ್ಯೂನರ್ ಆಪ್ ಹೇಳೋದನ್ನ ಬಿಟ್ಟು ಕಿವಿಯಿಂದ ಅಲೆ ನಿಲ್ಲೋವರೆಗೂ ಸೇರಿಸಿ, ಇಲ್ಲಾಂದ್ರೆ ರಿ ಹಾರ್ಮೋನಿಕ್ ಉಳಿದ ನಾಲ್ಕರ ಜೊತೆ ಕೂಡಲ್ಲ.

ಮೊದಲನೇ ತುಣುಕಿನ ಕರಡು ಆದ್ರೆ ಇಲ್ಲೇ ಹಾಕಿ, ಕಮಾನು ಗುರುತುಗಳನ್ನ ನಾನು ನೋಡ್ಕೊಡ್ತೀನಿ.